40250 ಕಿಲೋ ಇದ್ದದ್ದು −25286 ಎಂದು ಕಾಣುವುದೇಕೆ? ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡುವ ಬಗ್ಗೆ

ಕಾಟಾ_ಲೆಕ್ಕ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮ ಸೋದರಮಾವ ಕೆಲಸ ಮಾಡುವ ಅಕ್ಕಿ ಗಿರಣಿಯ ಲಾರಿ ಕಾಟಾದ ಪಕ್ಕದಲ್ಲಿ, ಭತ್ತ ತಂದ ರೈತರು ದೂರದಿಂದಲೇ ನಿವ್ವಳ ತೂಕವನ್ನು ಓದಿಕೊಳ್ಳುವಂತೆ ಒಂದು ಫಲಕವನ್ನು ಪ್ರಾಜೆಕ್ಟ್ ಆಗಿ ಮಾಡುತ್ತಿದ್ದೇನೆ. ಮುದ್ರೆ ಒತ್ತಿಸಿದ ಮೂಲ ಯಂತ್ರವನ್ನು ನಾನು ಮುಟ್ಟಿಲ್ಲ. ಅದು ಸೀರಿಯಲ್ ಕೇಬಲ್ ಮೂಲಕ ಕಳಿಸುವ ತೂಕವನ್ನು ನನ್ನ ಆರ್ಡುಯಿನೋ ಉನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಓದಿ, ಖಾಲಿ ಲಾರಿಯ ತೂಕವನ್ನು ಕಳೆದು, ಉಳಿದದ್ದನ್ನು ಎರಡು ಸಾಲಿನ ಎಲ್‌ಸಿಡಿಯಲ್ಲಿ ತೋರಿಸಬೇಕು. ಅಂದರೆ ಅಕ್ಷರಗಳಾಗಿ ಬಂದ ಸಂಖ್ಯೆ ಪೂರ್ಣಾಂಕವಾಗಬೇಕು, ಲೆಕ್ಕ ಮುಗಿದ ಮೇಲೆ ಮತ್ತೆ ಅಕ್ಷರಗಳಾಗಬೇಕು. ಈ ಎರಡನೆಯ ಹೆಜ್ಜೆಯಲ್ಲಿ ನಾನು ನಾಲ್ಕು ದಿನಗಳಿಂದ ಸಿಕ್ಕಿಕೊಂಡಿದ್ದೇನೆ.

ಮೊದಲನೆಯ ತೊಂದರೆ ಇದು. 28 ಟನ್‌ವರೆಗಿನ ತೂಕಗಳೆಲ್ಲ ಸರಿಯಾಗಿ ಕಾಣುತ್ತವೆ, ಆದರೆ ತುಂಬಿದ ದೊಡ್ಡ ಲಾರಿಯ 40250 ಕಿಲೋ ಬಂದಾಗ ಪರದೆಯ ಮೇಲೆ −25286 ಎಂದು ಬರುತ್ತದೆ. ಎರಡನೆಯದು ಇನ್ನೂ ವಿಚಿತ್ರವಾಗಿದೆ. ಹೀಗೆ ತಪ್ಪು ಬಂದಾಗಲೆಲ್ಲ, ತೂಕಕ್ಕೆ ಸಂಬಂಧವೇ ಇಲ್ಲದ ಲಾರಿಯ ಕ್ರಮಸಂಖ್ಯೆಯೂ ಕೆಡುತ್ತದೆ. ಹದಿನೇಳನೆಯ ಲಾರಿ ಸೊನ್ನೆಯಾಯಿತು. ಪರೀಕ್ಷೆಗೆಂದು ಕ್ರಮಸಂಖ್ಯೆಯನ್ನು 300ರಿಂದ ಆರಂಭಿಸಿದರೆ ಅದು 256 ಎಂದು ತೋರಿತು. ಮೂರನೆಯದಾಗಿ, ಟನ್‌ಗಳಲ್ಲಿ ತೋರಿಸಿದಾಗ 23 ಟನ್ 45 ಕಿಲೋ ಇರುವುದು 23.45 ಎಂದು ಬರುತ್ತದೆ. ರೈತರು ಅದನ್ನು 450 ಕಿಲೋ ಎಂದು ಓದಿಕೊಂಡರೆ ನಾಳೆ ಜಗಳವಾಗುತ್ತದೆ.

ತೂಕಕ್ಕೆ ನಾನು ಇಂಟ್ ಎಂಬ ಪೂರ್ಣಾಂಕದ ವಿಧವನ್ನು ಬಳಸಿದ್ದೇನೆ. ಸಂಖ್ಯೆಯನ್ನು ಅಕ್ಷರಗಳಾಗಿಸುವ ಸ್ಪ್ರಿಂಟ್‌ಎಫ್ ಫಂಕ್ಷನ್‌ಗೆ ಪರ್ಸೆಂಟ್ ಡಿ (ಇಂಟ್ ಅನ್ನು ಬರೆ ಎಂಬ ಸೂಚನೆ) ಕೊಟ್ಟು, ಆರು ಬೈಟ್‌ಗಳ ಗ್ಲೋಬಲ್ ಅರೇಗೆ (ಪ್ರೋಗ್ರಾಂನ ಎಲ್ಲ ಕಡೆಗೂ ಸಿಗುವ ಸಾಲು ಜಾಗಕ್ಕೆ) ಬರೆಯುತ್ತಿದ್ದೇನೆ. ಐದು ಅಂಕಿ ಮತ್ತು ಸ್ಟ್ರಿಂಗ್ ಮುಗಿಯಿತೆಂದು ಸೂಚಿಸುವ ಕೊನೆಯ ನಲ್ ಸೇರಿ ಆರು ಎಂದು ಲೆಕ್ಕ ಹಾಕಿದ್ದೆ. ಗ್ಲೋಬಲ್ ಬೇಡವೆಂದು ಗೆಳೆಯನೊಬ್ಬ ಹೇಳಿದ ಮೇಲೆ ಅರೇಯನ್ನು ಫಂಕ್ಷನ್ ಒಳಗೆ ಇಟ್ಟು ಅದನ್ನೇ ಹಿಂತಿರುಗಿಸಿ ನೋಡಿದೆ, ಆಗ ಒಮ್ಮೆ ಸರಿ, ಒಮ್ಮೆ ಕಸ ಕಾಣುತ್ತದೆ. ದಯವಿಟ್ಟು ಸಿದ್ಧ ಕೋಡ್ ಹಾಕಬೇಡಿ, ಮಾತಿನಲ್ಲಿ ಬಿಡಿಸಿ ಹೇಳಿ. ಬರೆಯುವುದನ್ನು ನಾನೇ ಬರೆಯಬೇಕೆಂದಿದ್ದೇನೆ.

ಕೋಟೆ_ಬೆಟ್ಟ, ಬಳ್ಳಾರಿ

ನಾನು ಫರ್ಮ್‌ವೇರ್, ಅಂದರೆ ಯಂತ್ರಗಳೊಳಗಿನ ಪ್ರೋಗ್ರಾಂ, ಬರೆಯುವ ಕೆಲಸದಲ್ಲಿದ್ದೇನೆ. ನೀವು ಲಕ್ಷಣಗಳನ್ನು ಇಷ್ಟು ನಿಖರವಾಗಿ ಬರೆದಿರುವುದರಿಂದ ಕಾರಣಗಳನ್ನು ಹೇಳುವುದು ಸುಲಭವಾಗಿದೆ. ನಿಮ್ಮ ಮೊದಲ ಎರಡು ತೊಂದರೆಗಳಲ್ಲಿ ಒಂದು ಇನ್ನೊಂದನ್ನು ಹುಟ್ಟಿಸಿದೆ.

ಉನೋದಲ್ಲಿರುವ ಮೈಕ್ರೋಕಂಟ್ರೋಲರ್ ಚಿಪ್‌ನ ಕಂಪೈಲರ್‌ಗೆ (ನಾವು ಬರೆದದ್ದನ್ನು ಚಿಪ್‌ನ ಭಾಷೆಗೆ ತಿರುಗಿಸುವ ಸಾಧನಕ್ಕೆ) ಇಂಟ್ ಎಂದರೆ 16 ಬಿಟ್. ಅದರಲ್ಲಿ −32768ರಿಂದ 32767ರವರೆಗೆ ಮಾತ್ರ ಹಿಡಿಯುತ್ತದೆ. ನಿಮ್ಮ ಕಾಲೇಜಿನ ಲ್ಯಾಬ್ ಕಂಪ್ಯೂಟರ್‌ನಲ್ಲಿ ಇಂಟ್ 32 ಬಿಟ್ ಇರುವುದರಿಂದ ಅಲ್ಲಿ ಇದು ಎಂದೂ ಕಾಣಿಸಿರಲಾರದು. 16 ಬಿಟ್‌ನಲ್ಲಿ ಒಟ್ಟು 65536 ಸಂಖ್ಯೆಗಳಷ್ಟೇ ಇರುವುದರಿಂದ, ಮೇಲಿನ ಗಡಿ ದಾಟಿದ್ದು ಸುತ್ತಿ ಋಣದ ಕಡೆಗೆ ಬರುತ್ತದೆ. 40250ರಿಂದ 65536 ಕಳೆಯಿರಿ, −25286 ಬರುತ್ತದೆ. ಅಂದರೆ ಪರದೆಯ ಮೇಲಿನ ಸಂಖ್ಯೆ ಸ್ಟ್ರಿಂಗ್ ಆಗುವಾಗ ಕೆಟ್ಟದ್ದಲ್ಲ, ಅದಕ್ಕೂ ಮೊದಲೇ, ಇಂಟ್‌ನೊಳಗೆ ಇಟ್ಟ ಕ್ಷಣದಲ್ಲೇ ಕೆಟ್ಟಿತ್ತು. ಸ್ಪ್ರಿಂಟ್‌ಎಫ್ ತನಗೆ ಕೊಟ್ಟದ್ದನ್ನು ಪ್ರಾಮಾಣಿಕವಾಗಿ ಬರೆದಿದೆ.

ಈಗ ಕ್ರಮಸಂಖ್ಯೆಗೆ ಬನ್ನಿ. −25286 ಎಂಬುದರಲ್ಲಿ ಐದು ಅಂಕಿ, ಒಂದು ಋಣ ಚಿಹ್ನೆ, ಕೊನೆಗೆ ನಲ್, ಒಟ್ಟು ಏಳು ಬೈಟ್. ನಿಮ್ಮ ಅರೇಯಲ್ಲಿ ಇರುವುದು ಆರು. ಏಳನೆಯದಾದ ನಲ್, ಅಂದರೆ ಸೊನ್ನೆ, ಅರೇಯ ಗಡಿ ದಾಟಿ ಪಕ್ಕದಲ್ಲಿದ್ದ ಕ್ರಮಸಂಖ್ಯೆಯ ಮೊದಲ ಬೈಟ್‌ನ ಮೇಲೆ ಕುಳಿತಿದೆ. ಈ ಚಿಪ್‌ನಲ್ಲಿ ಕಂಪೈಲರ್ ಸಂಖ್ಯೆಯ ಕೆಳ ಬೈಟ್ ಅನ್ನೇ ಮೊದಲು ಇಡುತ್ತದೆ. 17 ಪೂರ್ತಿ ಕೆಳ ಬೈಟ್‌ನಲ್ಲೇ ಇರುವುದರಿಂದ ಅದು ಸೊನ್ನೆಯಾಯಿತು. 300 ಎಂದರೆ 256 ಮತ್ತು 44. ಅದರಲ್ಲಿ 44 ಇದ್ದ ಕೆಳ ಬೈಟ್ ಅಳಿಸಿಹೋಗಿ 256 ಉಳಿಯಿತು. ನೀವು 300ರಿಂದ ಆರಂಭಿಸಿ ನೋಡಿದ್ದು ಬಹಳ ಒಳ್ಳೆಯ ಪರೀಕ್ಷೆ, ಅದೊಂದೇ ಅಂಕಿಯಿಂದ ತಪ್ಪಿನ ಜಾಗ ಗೊತ್ತಾಗಿಬಿಡುತ್ತದೆ.

ಹಾಗಾಗಿ ಅರೇಯ ಗಾತ್ರವನ್ನು ಇಂದು ಬರುವ ತೂಕವನ್ನು ನೋಡಿ ಅಳೆಯಬೇಡಿ. ಆ ವಿಧದಲ್ಲಿ ಬರಬಹುದಾದ ಅತಿ ಉದ್ದದ ಸಂಖ್ಯೆಯನ್ನು ನೋಡಿ ಅಳೆಯಿರಿ. 16 ಬಿಟ್‌ಗೆ −32768, ಏಳು ಬೈಟ್ ಬೇಕು. 32 ಬಿಟ್‌ಗೆ −2147483648, ಹನ್ನೆರಡು ಬೈಟ್ ಬೇಕು. 64 ಬಿಟ್‌ಗೆ ಇಪ್ಪತ್ತೊಂದು. ಬಾಯಿಪಾಠ ಬೇಡವೆಂದರೆ ಬಿಟ್‌ಗಳ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಭಾಗಲಬ್ಧಕ್ಕೆ ಮೂರು ಕೂಡಿಸಿ. ಮೂರು ಬಿಟ್‌ಗೆ ಒಂದು ಅಷ್ಟಮಾನ ಅಂಕಿ ಬರುತ್ತದೆ, ದಶಮಾನದಲ್ಲಿ ಬರೆದರೆ ಅದಕ್ಕಿಂತ ಹೆಚ್ಚು ಅಂಕಿಗಳು ಎಂದೂ ಬೇಕಾಗುವುದಿಲ್ಲ. ಕೂಡಿಸಿದ ಮೂರರಲ್ಲಿ ಒಂದು ಭಾಗಾಕಾರದ ಶೇಷಕ್ಕೆ, ಒಂದು ಚಿಹ್ನೆಗೆ, ಒಂದು ನಲ್‌ಗೆ. 32 ಬಿಟ್‌ಗೆ ಹದಿಮೂರು ಬರುತ್ತದೆ. ಒಂದು ಬೈಟ್ ಹೆಚ್ಚಾದರೂ ಎಂದೂ ಕಡಿಮೆಯಾಗುವುದಿಲ್ಲ.

ತೂಕವನ್ನು ಲಾಂಗ್ ಎಂಬ ದೊಡ್ಡ ಪೂರ್ಣಾಂಕದ ವಿಧದಲ್ಲಿ ಇಡಿ, ಈ ಚಿಪ್‌ನಲ್ಲಿ ಅದು 32 ಬಿಟ್. ಬಂದ ಅಕ್ಷರಗಳನ್ನು ಸಂಖ್ಯೆಯಾಗಿಸುವ ಸ್ಟ್ರ್‌ಟೋಲ್ ಲಾಂಗ್ ಅನ್ನೇ ಕೊಡುತ್ತದೆ. ಸ್ಪ್ರಿಂಟ್‌ಎಫ್ ಬಿಟ್ಟು ಅರೇಯ ಗಾತ್ರವನ್ನೂ ಕೇಳುವ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ, ಆ ಗಾತ್ರವನ್ನು ಕೈಯಿಂದ ಬರೆಯದೆ ಅದನ್ನು ಅಳೆದು ಹೇಳುವ ಸೈಜ್‌ಆಫ್‌ನಿಂದ ಕೊಡಿ, ಪರ್ಸೆಂಟ್ ಡಿ ಇದ್ದಲ್ಲಿ ಪರ್ಸೆಂಟ್ ಎಲ್ ಡಿ ಬರೆಯಿರಿ. ವಿಧವನ್ನು ಬದಲಿಸಿ ಈ ಕೊನೆಯದನ್ನು ಮರೆತರೆ ನಿಮ್ಮ ಚಿಪ್‌ನಲ್ಲಿ ಲಾಂಗ್‌ನ ಕೆಳಗಿನ ಎರಡು ಬೈಟ್‌ಗಳಷ್ಟೇ ಓದಲ್ಪಟ್ಟು, ಮತ್ತೆ ಅದೇ −25286 ಬರುತ್ತದೆ. ಆಗ ಎಲ್ಲವನ್ನೂ ಸರಿಪಡಿಸಿದರೂ ಏನೂ ಬದಲಾಗಲಿಲ್ಲವೆಂದು ನಿಮಗೆ ತೋರುತ್ತದೆ. ಭಾಷೆಯ ನಿಯಮದ ಪ್ರಕಾರ ಆ ಹೊಂದಾಣಿಕೆ ತಪ್ಪಿದರೆ ಏನು ಬೇಕಾದರೂ ಆಗಬಹುದು. ಕಂಪೈಲರ್‌ನ ಎಚ್ಚರಿಕೆಗಳನ್ನು ಪೂರ್ತಿ ತೆರೆದಿಟ್ಟರೆ ಅದೇ ಈ ತಪ್ಪನ್ನು ಬೊಟ್ಟು ಮಾಡಿ ತೋರಿಸುತ್ತದೆ.

23.45ರ ತೊಂದರೆ ಚಿಕ್ಕದು. ಸಾವಿರದಿಂದ ಭಾಗಿಸಿದಾಗ ಬಂದ ಶೇಷ 45. ಅದನ್ನು ಮೂರು ಅಂಕಿಗಳ ಅಗಲದಲ್ಲಿ, ಮುಂದೆ ಸೊನ್ನೆ ತುಂಬಿ ಬರೆಯಲು ಹೇಳಬೇಕು, ಆಗ 23.045 ಬರುತ್ತದೆ. ಫ್ಲೋಟ್‌ಗೆ, ಅಂದರೆ ದಶಾಂಶ ಸಂಖ್ಯೆಯ ವಿಧಕ್ಕೆ, ಹೋಗಬೇಡಿ. ಈ ಚಿಪ್‌ನ ಸಾಮಾನ್ಯ ಲೈಬ್ರರಿ ಪರ್ಸೆಂಟ್ ಎಫ್ ಕೊಟ್ಟರೆ ಸಂಖ್ಯೆಯ ಬದಲು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆಯುತ್ತದೆ.

ಮಣ್ಣಿನ_ಮನೆ, ಕುಷ್ಟಗಿ

ಇಷ್ಟೆಲ್ಲ ಏಕೆ ಎಂದು ತಿಳಿಯಲಿಲ್ಲ. ಪೂರ್ಣಾಂಕವನ್ನು ಸ್ಟ್ರಿಂಗ್ ಮಾಡುವ ಐಟೋವಾ ಎಂಬ ಫಂಕ್ಷನ್ ಇದೆಯಲ್ಲವೇ? ನಾನು ಅದನ್ನೇ ಬಳಸುತ್ತೇನೆ, ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಬಿಡಿ_ಹತ್ತು_ನೂರು, ರಾಯಚೂರು

ಐಟೋವಾ ಸಿ ಭಾಷೆಯ ಪ್ರಮಾಣಿತ ಗ್ರಂಥಾಲಯದಲ್ಲಿ ಇಲ್ಲ. ಉನೋದ ಲೈಬ್ರರಿಯಲ್ಲಿ ಅದೂ ಇದೆ, ಲಾಂಗ್‌ಗೆ ಎಲ್‌ಟೋವಾ ಕೂಡ ಇದೆ. ಲಿನಕ್ಸ್‌ನ ಗ್ನೂ ಲೈಬ್ರರಿಯಲ್ಲಿ ಇಲ್ಲ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಹೆಸರಿನ ಮುಂದೆ ಅಡಿಗೆರೆ ಹಚ್ಚಿಕೊಂಡು ಬರುತ್ತದೆ. ಒಂದು ಕಡೆ ನಡೆದ ಪ್ರೋಗ್ರಾಂ ಇನ್ನೊಂದು ಕಡೆ ಕಂಪೈಲ್ ಆಗದೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅದಕ್ಕೆ ಅರೇಯ ಗಾತ್ರವನ್ನು ತಿಳಿಸುವ ದಾರಿಯೇ ಇಲ್ಲ. ಗಂಗಾವತಿಯವರ ಆರು ಬೈಟ್‌ಗಳನ್ನು ಅದೂ ಹೀಗೆಯೇ ದಾಟುತ್ತಿತ್ತು.

ನಾನು ಹಲವು ವರ್ಷಗಳಿಂದ ಸಿ ಪಾಠ ಮಾಡುತ್ತಿದ್ದೇನೆ. ಫಂಕ್ಷನ್ ಒಳಗಿನ ಅರೇಯನ್ನು ಹಿಂತಿರುಗಿಸುವ ತಪ್ಪನ್ನು ಪ್ರತಿ ತರಗತಿಯಲ್ಲೂ ನೋಡುತ್ತೇನೆ. ಆ ಅರೇ ಫಂಕ್ಷನ್ ನಡೆಯುವಷ್ಟು ಹೊತ್ತು ಮಾತ್ರ ಬದುಕಿರುತ್ತದೆ. ಹಿಂತಿರುಗುವುದು ಅದರ ವಿಳಾಸ ಮಾತ್ರ. ಸಂತೆ ಮುಗಿದ ಮೇಲೆ ಅಂಗಡಿಯ ಗುರುತು ಹೇಳಿ ಕಳಿಸಿದಂತೆ, ಹೋದವರಿಗೆ ಒಮ್ಮೆ ಸಾಮಾನು ಇನ್ನೂ ಅಲ್ಲೇ ಸಿಗಬಹುದು, ಇನ್ನೊಮ್ಮೆ ಬೇರೆಯವರು ಬಂದು ಕುಳಿತಿರಬಹುದು. ಅರೇಗೆ ಸ್ಟ್ಯಾಟಿಕ್ ಎಂದು ಸೇರಿಸಿದರೆ ಅದು ಉಳಿಯುತ್ತದೆ, ಆದರೆ ಇರುವುದು ಒಂದೇ ಆಗುತ್ತದೆ. ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಒಂದೇ ಪ್ರಿಂಟ್‌ಎಫ್‌ನಲ್ಲಿ ಕೇಳಿದರೆ ಎರಡೂ ಕಡೆ ಒಂದೇ ಸಂಖ್ಯೆ ಅಚ್ಚಾಗುತ್ತದೆ. ಸರಿಯಾದ ಪದ್ಧತಿಯೆಂದರೆ, ಕರೆಯುವವರೇ ಅರೇಯನ್ನು ಇಟ್ಟುಕೊಂಡು, ಅದರ ವಿಳಾಸವನ್ನೂ ಗಾತ್ರವನ್ನೂ ಫಂಕ್ಷನ್‌ಗೆ ಕೊಡುವುದು.

ಬಳ್ಳಾರಿಯವರು ಹೇಳಿದ ಎಸ್‌ಎನ್‌ಪ್ರಿಂಟ್‌ಎಫ್ ಸರಿಯೇ. ಆದರೂ ವಿದ್ಯಾರ್ಥಿಯಾದವರು ಒಮ್ಮೆಯಾದರೂ ಈ ಪರಿವರ್ತನೆಯನ್ನು ಕೈಯಾರೆ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹತ್ತರಿಂದ ಭಾಗಿಸಿದರೆ ಬರುವ ಶೇಷವೇ ಬಿಡಿ ಸ್ಥಾನದ ಅಂಕಿ. ಭಾಗಲಬ್ಧವನ್ನು ಮತ್ತೆ ಹತ್ತರಿಂದ ಭಾಗಿಸಿದರೆ ಹತ್ತರ ಸ್ಥಾನ, ಆಮೇಲೆ ನೂರು. ಪ್ರತಿ ಶೇಷಕ್ಕೂ ಸೊನ್ನೆ ಎಂಬ ಅಕ್ಷರದ ಸಂಕೇತವನ್ನು ಕೂಡಿಸಿದರೆ ಆ ಅಂಕಿಯ ಅಕ್ಷರ ಸಿಗುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಆ ಸಂಕೇತ 48, ಆದರೆ 48 ಎಂದು ಬರೆಯಬೇಡಿ, ಏಕ ಉದ್ಧರಣ ಚಿಹ್ನೆಯೊಳಗೆ ಸೊನ್ನೆಯನ್ನೇ ಬರೆಯಿರಿ. ಸೊನ್ನೆಯಿಂದ ಒಂಬತ್ತರವರೆಗಿನ ಅಕ್ಷರಗಳು ಒಂದರ ನಂತರ ಒಂದಾಗಿಯೇ ಇರುತ್ತವೆಂದು ಸಿ ಭಾಷೆಯ ನಿಯಮವೇ ಖಾತ್ರಿ ಕೊಡುತ್ತದೆ. ಇಂಗ್ಲಿಷ್ ಅಕ್ಷರಮಾಲೆಗೆ ಆ ಖಾತ್ರಿ ಇಲ್ಲ.

ಅಂಕಿಗಳು ಬಿಡಿಯಿಂದ ಮೊದಲಾಗಿ ಸಿಗುತ್ತವೆ, ಬರೆಯಬೇಕಾದದ್ದು ದೊಡ್ಡ ಸ್ಥಾನದಿಂದ. ಹೆಚ್ಚಿನವರು ಮುಂದಿನಿಂದ ಬರೆದು ಕೊನೆಗೆ ಇಡೀ ಸ್ಟ್ರಿಂಗ್ ಅನ್ನು ತಿರುಗಿಸುತ್ತಾರೆ. ಅದರ ಅಗತ್ಯವಿಲ್ಲ. ಅರೇಯ ಕೊನೆಯ ಬೈಟ್‌ನಲ್ಲಿ ನಲ್ ಇಟ್ಟು, ಅಲ್ಲಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತ ಅಂಕಿಗಳನ್ನು ತುಂಬಿದರೆ, ನಿಂತ ಜಾಗದಿಂದಲೇ ಸ್ಟ್ರಿಂಗ್ ಆರಂಭವಾಗುತ್ತದೆ. ನಮ್ಮ ಶಾಸನಗಳ ಕಾಲಗಣನೆಯಲ್ಲಿ ಕಣ್ಣು (2), ಬಾಣ (5), ಋತು (6) ಎಂಬಂತಹ ಪದಗಳಿಂದ ವರ್ಷವನ್ನು ಹೇಳುವಾಗ ಬಿಡಿಯಿಂದಲೇ ಆರಂಭಿಸುವ ಪದ್ಧತಿಯಿತ್ತು. ಅಂಕಾನಾಂ ವಾಮತೋ ಗತಿಃ, ಅಂಕಿಗಳ ನಡಿಗೆ ಎಡಕ್ಕೆ, ಎಂಬ ಮಾತು ಹುಟ್ಟಿದ್ದು ಅದಕ್ಕೇ. ಈ ಫಂಕ್ಷನ್‌ನ ಒಳಗೆ ನಡೆಯುವುದೂ ಅದೇ ನಡಿಗೆ.

ಕಾಟಾ_ಲೆಕ್ಕ, ಗಂಗಾವತಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತೂಕವನ್ನು ಲಾಂಗ್ ಮಾಡಿದ ಮೇಲೆ 40250 ಸರಿಯಾಗಿ ಬಂತು. ಬಳ್ಳಾರಿಯವರು ಎಚ್ಚರಿಸಿದಂತೆ ಒಂದು ಕಡೆ ಪರ್ಸೆಂಟ್ ಡಿ ಉಳಿದಿತ್ತು, ಅಲ್ಲಿ ಅದೇ −25286 ಬಂದದ್ದನ್ನು ಕಣ್ಣಾರೆ ಕಂಡೆ.

ರಾಯಚೂರಿನ ಮೇಡಂ ಹೇಳಿದ ಫಂಕ್ಷನ್ ಅನ್ನು ಮನೆಯ ಕಂಪ್ಯೂಟರ್‌ನಲ್ಲಿ ಬರೆದೆ. ಎರಡು ಕಡೆ ಎಡವಿದೆ. ಕಾಟಾ ಖಾಲಿಯಿದ್ದಾಗ ಪರದೆ ಬೋಳಾಗಿ ಕಾಣುತ್ತದೆ, ಸೊನ್ನೆ ಬರುವುದಿಲ್ಲ. ಇನ್ನೊಂದು, ಋಣ ಸಂಖ್ಯೆಯಾದರೆ ಮೊದಲು ಅದನ್ನು ಧನವಾಗಿಸಿ, ಅಂಕಿಗಳನ್ನು ಬರೆದು, ಕೊನೆಗೆ ಚಿಹ್ನೆ ಇಡುತ್ತಿದ್ದೇನೆ. ಭಾಗಲಬ್ಧ ಸೊನ್ನೆಗಿಂತ ದೊಡ್ಡದಿರುವವರೆಗೆ ಸುತ್ತು ನಡೆಯುತ್ತದೆ. ಆ ಪರೀಕ್ಷೆಯನ್ನು ಸುತ್ತಿನ ಕೊನೆಗೆ ಒಯ್ದು ಸೊನ್ನೆಯ ತೊಂದರೆಯನ್ನು ಸರಿಮಾಡಿದೆ. ಆದರೆ −2147483648 ಕೊಟ್ಟರೆ ಋಣ ಚಿಹ್ನೆಯ ಪಕ್ಕ ಒಂದು ತೆರೆದ ಕಂಸ ಬಂದು ನಿಲ್ಲುತ್ತದೆ, ಒಂದು ಅಂಕಿಯೂ ಇಲ್ಲ. ಇದು ಏಕೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಬಿಡಿ_ಹತ್ತು_ನೂರು, ರಾಯಚೂರು

ಸೊನ್ನೆಯ ವಿಷಯದಲ್ಲಿ ನೀವು ಮಾಡಿದ್ದೇ ಸರಿ. ಸೊನ್ನೆಗೂ ಒಂದು ಅಂಕಿ ಇದೆ, ಆದ್ದರಿಂದ ಮೊದಲು ಒಮ್ಮೆ ಬರೆದು ಆಮೇಲೆ ಮುಗಿಯಿತೇ ಎಂದು ಕೇಳಬೇಕು. ಡೂ-ವೈಲ್ ಎಂಬ ಇಂತಹ ಸುತ್ತನ್ನು ವಿವರಿಸಲು ನಾನು ತರಗತಿಯಲ್ಲಿ ಕೊಡುವ ಮೊದಲ ಉದಾಹರಣೆ ಇದೇ.

ಆ ಕಂಸದ ಕಥೆ ನಿಧಾನವಾಗಿ ಕೇಳಬೇಕಾದದ್ದು. 32 ಬಿಟ್‌ನಲ್ಲಿ ಋಣದ ಕಡೆ −2147483648ರವರೆಗೆ ಜಾಗವಿದೆ, ಧನದ ಕಡೆ 2147483647ಕ್ಕೆ ಮುಗಿಯುತ್ತದೆ. ಋಣದ ಕಡೆ ಒಂದು ಸಂಖ್ಯೆ ಹೆಚ್ಚು. ಹಾಗಾಗಿ ಆ ಒಂದು ಸಂಖ್ಯೆಯ ಚಿಹ್ನೆಯನ್ನು ತಿರುಗಿಸಿದರೆ ಉತ್ತರ ಹಿಡಿಯುವುದಿಲ್ಲ. ಭಾಷೆಯ ನಿಯಮದಲ್ಲಿ ಇದು ಅನಿರ್ದಿಷ್ಟ ವರ್ತನೆ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಬದಲಾಗದೆ ಋಣವಾಗಿಯೇ ಉಳಿದಿದೆ. ಅದನ್ನು ಹತ್ತರಿಂದ ಭಾಗಿಸಿದಾಗ ಶೇಷ −8. ನಲವತ್ತೆಂಟಕ್ಕೆ −8 ಕೂಡಿಸಿದರೆ ನಲವತ್ತು. ಆಸ್ಕಿಯಲ್ಲಿ ನಲವತ್ತು ಎಂದರೆ ತೆರೆದ ಕಂಸ. ಭಾಗಲಬ್ಧ ಋಣವಾಗಿರುವುದರಿಂದ ಸೊನ್ನೆಗಿಂತ ದೊಡ್ಡದೇ ಎಂಬ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದು ಸುತ್ತು ಒಂದಕ್ಕೇ ನಿಂತಿದೆ. ಪರದೆಯ ಮೇಲೆ ಬಂದ ಎರಡೂ ಅಕ್ಷರಗಳಿಗೆ ಹೀಗೆ ಲೆಕ್ಕ ಸಿಗುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಸಂಖ್ಯೆಯನ್ನು ಅನ್‌ಸೈನ್ಡ್ (ಋಣ ಚಿಹ್ನೆಯಿಲ್ಲದ) ವಿಧಕ್ಕೆ ಬದಲಿಸಿ, ಆಮೇಲೆ ಅದನ್ನು ಸೊನ್ನೆಯಿಂದ ಕಳೆಯುವುದು. ಅನ್‌ಸೈನ್ಡ್ ಲೆಕ್ಕ ಸುತ್ತಿ ಬರುವುದು ನಿಯಮಬದ್ಧವಾದದ್ದರಿಂದ 2147483648 ಎಂಬ ಪರಿಮಾಣ ತಪ್ಪಿಲ್ಲದೆ ಸಿಗುತ್ತದೆ. ಬದಲಿಸುವುದು ಮೊದಲು, ಕಳೆಯುವುದು ಆಮೇಲೆ, ಈ ಕ್ರಮ ತಪ್ಪಬಾರದು. ಇನ್ನೊಂದು, ಎಲ್ಲ ಸಂಖ್ಯೆಗಳನ್ನೂ ಋಣದ ಕಡೆಗೇ ತಂದು, ಶೇಷವನ್ನು ಸೊನ್ನೆಯ ಸಂಕೇತದಿಂದ ಕಳೆಯುತ್ತ ಹೋಗುವುದು. ಧನವನ್ನು ಋಣವಾಗಿಸಲು ಎಂದೂ ಜಾಗದ ಕೊರತೆಯಿಲ್ಲ. ಋಣ ಸಂಖ್ಯೆಯ ಭಾಗಾಕಾರ ಸೊನ್ನೆಯ ಕಡೆಗೇ ತುಂಡಾಗಬೇಕೆಂದು 1999ರ ಪ್ರಮಾಣ ಗೊತ್ತುಪಡಿಸಿದೆ, ಅದಕ್ಕೂ ಹಿಂದೆ ಅದನ್ನು ಆಯಾ ಕಂಪೈಲರ್‌ಗೆ ಬಿಟ್ಟಿದ್ದರು. ನನಗೆ ಮೊದಲ ದಾರಿ ಹೆಚ್ಚು ಹಿಡಿಸುತ್ತದೆ, ಓದುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಕೋಟೆ_ಬೆಟ್ಟ, ಬಳ್ಳಾರಿ

ಮೇಡಂ ವಿವರಣೆ ಬಹಳ ಸ್ಪಷ್ಟವಾಗಿದೆ, ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ಲಾರಿ ಕಾಟಾದಲ್ಲಿ −2147483648 ಕಿಲೋ ಎಂದೂ ಬರುವುದಿಲ್ಲ. ಕಲಿಕೆಗೆ ಕೈಯಾರೆ ಬರೆಯಲಿ, ಗಿರಣಿಯಲ್ಲಿ ಕೂರಿಸುವ ಫಲಕದಲ್ಲಿ ಲೈಬ್ರರಿಯದ್ದೇ ಇರಲಿ. ಸಾವಿರಾರು ಜನ ಬಳಸಿ ಪಳಗಿಸಿದ ಫಂಕ್ಷನ್ ಇರುವಾಗ ಹೊಸದನ್ನು ಬರೆದರೆ ಹೊಸ ತಪ್ಪುಗಳಿಗೂ ಬಾಗಿಲು ತೆರೆದಂತಾಗುತ್ತದೆ.

ಆದರೆ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜಾಗ ಸಾಲದಿದ್ದರೆ ಅದು ಗಡಿ ದಾಟುವುದಿಲ್ಲ ನಿಜ, ಬದಲಿಗೆ ಸಂಖ್ಯೆಯನ್ನು ಕತ್ತರಿಸುತ್ತದೆ. ಐದು ಬೈಟ್‌ಗಳ ಅರೇಯಲ್ಲಿ 40250 ಎಂಬುದು 4025 ಆಗಿ ಉಳಿಯುತ್ತದೆ. ಕಸ ಕಂಡರೆ ಯಾರಾದರೂ ಕೇಳುತ್ತಾರೆ. 4025 ಕಂಡರೆ ಯಾರೂ ಕೇಳುವುದಿಲ್ಲ, ಅದು ಸಣ್ಣ ವಾಹನವೊಂದರ ಒಪ್ಪುವಂತಹ ತೂಕವೇ. ತೂಕದ ಕೆಲಸದಲ್ಲಿ ಇದಕ್ಕಿಂತ ಅಪಾಯಕಾರಿಯಾದ ತಪ್ಪು ನನಗೆ ಗೊತ್ತಿಲ್ಲ. ಈ ಫಂಕ್ಷನ್ ಹಿಂತಿರುಗಿಸುವುದು ಬರೆದ ಅಕ್ಷರಗಳ ಎಣಿಕೆಯನ್ನಲ್ಲ, ಜಾಗವಿದ್ದಿದ್ದರೆ ಬರೆಯಬೇಕಾಗಿದ್ದ ಅಕ್ಷರಗಳ ಎಣಿಕೆಯನ್ನು, ಅದೂ ನಲ್ ಬಿಟ್ಟು. ಅದು ಋಣವಾಗಿದ್ದರೆ ಅಥವಾ ಅರೇಯ ಗಾತ್ರಕ್ಕೆ ಸಮ ಇಲ್ಲವೇ ಹೆಚ್ಚು ಇದ್ದರೆ ಪರದೆಯ ಮೇಲೆ ಅಂಕಿಗಳ ಬದಲು ಅಡ್ಡಗೆರೆಗಳನ್ನು ತೋರಿಸಿ. ತಪ್ಪು ತೂಕಕ್ಕಿಂತ ತೂಕವಿಲ್ಲದ ಪರದೆ ವಾಸಿ.

ವಿಂಡೋಸ್‌ನಲ್ಲಿ ಹಳೆಯ ವಿಷುಯಲ್ ಸ್ಟುಡಿಯೋ ಬಳಸುವವರು ಇನ್ನೊಂದು ಮಾತು ಗಮನಿಸಬೇಕು. ಅಲ್ಲಿ 2015ರ ಆವೃತ್ತಿಗೆ ಮುನ್ನ ಎಸ್‌ಎನ್‌ಪ್ರಿಂಟ್‌ಎಫ್ ಬದಲು ಹೆಸರಿನ ಮುಂದೆ ಅಡಿಗೆರೆಯಿರುವ ಫಂಕ್ಷನ್ ಮಾತ್ರ ಇತ್ತು, ಜಾಗ ಸಾಲದಿದ್ದರೆ ಅದು ಕೊನೆಯ ನಲ್ ಅನ್ನು ಇಡುತ್ತಿರಲಿಲ್ಲ.

ಮತ್ತೊಂದು ವಿಷಯವನ್ನು ಹೇಳದೆ ಇರಲಾರೆ. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ಪರಿಶೀಲನೆಯಾಗಿ ಮುದ್ರೆ ಹೊಂದಿರಬೇಕು. ನಿಮ್ಮ ಫಲಕ ಮಾಹಿತಿಗಾಗಿ ಮಾತ್ರ, ಅಧಿಕೃತ ತೂಕ ಮೂಲ ಯಂತ್ರದ್ದೇ ಎಂದು ಫಲಕದ ಮೇಲೆಯೇ ಬರೆಸಿ.

ನಾಲೆಯ_ನೀರು, ಸಿಂಧನೂರು

ನಾನು ಧಾನ್ಯದ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡುತ್ತೇನೆ. ತೂಕ ಬಂದ ಮೇಲೆ ಹಣ ಬಂದೇ ಬರುತ್ತದೆ, ಆದ್ದರಿಂದ ಈ ಚರ್ಚೆ ಅಲ್ಲಿಗೂ ಹೋಗಬೇಕು. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2300 ರೂಪಾಯಿ ಇತ್ತು, ಅಂದರೆ ಕಿಲೋಗೆ 2300 ಪೈಸೆ. ಪೈಸೆಯ ಲೆಕ್ಕ ತಪ್ಪಬಾರದೆಂದು ನಾವೆಲ್ಲ ಪೈಸೆಯನ್ನೇ ಪೂರ್ಣಾಂಕವಾಗಿ ಇಡುತ್ತೇವೆ. 28000 ಕಿಲೋದ ಒಂದು ಲಾರಿಗೆ 6,44,00,000 ಪೈಸೆ. 32 ಬಿಟ್‌ನ ಲಾಂಗ್‌ನಲ್ಲಿ ಇಂತಹ ಮೂವತ್ತಮೂರು ಲಾರಿಗಳ ಮೊತ್ತ ಹಿಡಿಯುತ್ತದೆ, ಮೂವತ್ತನಾಲ್ಕನೆಯದಕ್ಕೆ ತುಂಬಿ ಹರಿಯುತ್ತದೆ. ಸುಗ್ಗಿಯಲ್ಲಿ ದಿನದ ಮೊತ್ತ ಅಲ್ಲಿಗೆ ಮುಟ್ಟುವುದು ಅಪರೂಪವಲ್ಲ. ಗಂಗಾವತಿಯ ಗೆಳೆಯರು ನಾಳೆ ದಿನದ ಮೊತ್ತವನ್ನೂ ತೋರಿಸಲು ಹೊರಟರೆ 64 ಬಿಟ್ ಬೇಕಾಗುತ್ತದೆ.

ಇನ್ನು, 64400000 ಎಂದು ಒತ್ತಾಗಿ ಬರೆದರೆ ರೈತರಿಗೆ ಓದಲು ಬರುವುದಿಲ್ಲ. ನಮಗೆ ಸಾವಿರ, ಲಕ್ಷ, ಕೋಟಿಯ ಅಲ್ಪವಿರಾಮಗಳು ಬೇಕು. ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಎಸ್‌ಎನ್‌ಪ್ರಿಂಟ್‌ಎಫ್‌ಗೆ ಪ್ರಮಾಣಿತ ಸಿ ಭಾಷೆಯಲ್ಲಿ ಇದು ಗೊತ್ತಿಲ್ಲ. ಮೇಡಂ ಹೇಳಿದಂತೆ ಹಿಂದಿನಿಂದ ತುಂಬುವಾಗ ಇದು ತೀರ ಸುಲಭ. ಇದುವರೆಗೆ ಬರೆದ ಅಂಕಿಗಳ ಎಣಿಕೆ ಮೂರು ಅಥವಾ ಅದಕ್ಕಿಂತ ದೊಡ್ಡ ಬೆಸಸಂಖ್ಯೆಯಾಗಿದ್ದರೆ, ಮುಂದಿನ ಅಂಕಿಗೆ ಮೊದಲು ಒಂದು ಅಲ್ಪವಿರಾಮ ಇಡಿ. ಅಷ್ಟೇ. −2,14,74,83,648ಕ್ಕೆ ನಾಲ್ಕು ಅಲ್ಪವಿರಾಮ ಸೇರಿ ಹದಿನಾರು ಬೈಟ್ ಸಾಕು.

ನಾನು ಚೀಟಿಯನ್ನು ಕನ್ನಡ ಅಂಕಿಗಳಲ್ಲೇ ಅಚ್ಚು ಹಾಕುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಹತ್ತು ಅಂಕಿಗಳೂ ಸಾಲಾಗಿವೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಮೊದಲ ಎರಡು ಬೈಟ್‌ಗಳು ಎಲ್ಲಕ್ಕೂ ಒಂದೇ, 224 ಮತ್ತು 179. ಮೂರನೆಯದು ೦ಗೆ 166, ಅಲ್ಲಿಂದ ಏರುತ್ತ ೯ಕ್ಕೆ 175. ಹಾಗಾಗಿ ಶೇಷವನ್ನು 166ಕ್ಕೆ ಕೂಡಿಸಿ ಹಿಂದಿನಿಂದ ಮೂರು ಬೈಟ್‌ಗಳನ್ನು ತುಂಬಿದರೆ ೪೦೨೫೦ ಸಿದ್ಧವಾಗುತ್ತದೆ. ಗಾತ್ರದ ಲೆಕ್ಕ ಇಲ್ಲಿ ಮೂರು ಪಟ್ಟಾಗುತ್ತದೆಂದು ಮರೆಯಬಾರದು. ಹತ್ತು ಅಂಕಿಗೆ ಮೂವತ್ತು, ಚಿಹ್ನೆ ಒಂದು, ನಲ್ ಒಂದು, ಒಟ್ಟು ಮೂವತ್ತೆರಡು. ಹನ್ನೆರಡು ಬೈಟ್‌ಗಳ ಅರೇಯಲ್ಲಿ ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ಕನ್ನಡ ಅಂಕಿಗಳನ್ನು ನಕಲಿಸಲು ಹೋದರೆ ಒಂದು ಅಂಕಿಯ ನಡುವೆಯೇ ಕತ್ತರಿ ಬಿದ್ದು, ಓದಲಾಗದ ಚೌಕ ಉಳಿಯುತ್ತದೆ.

ಎಲ್‌ಸಿಡಿಯಲ್ಲಿ ಇದು ನೇರವಾಗಿ ನಡೆಯುವುದಿಲ್ಲ. ಎರಡು ಸಾಲಿನ ಸಾಮಾನ್ಯ ಎಲ್‌ಸಿಡಿಗೆ ಯುಟಿಎಫ್-8 ತಿಳಿಯದು, ಮತ್ತು ನಾವು ಬಿಡಿಸಿಕೊಡುವ ಅಕ್ಷರಗಳಿಗೆ ಅದರಲ್ಲಿ ಎಂಟೇ ಜಾಗಗಳಿವೆ. ಅಂಕಿಗಳು ಹತ್ತು. ಆದರೆ ಐದಂಕಿಯ ಒಂದು ತೂಕದಲ್ಲಿ ಬೇರೆಬೇರೆ ಅಂಕಿಗಳು ಐದಕ್ಕಿಂತ ಹೆಚ್ಚಿರಲಾರವು. ಆ ತೂಕಕ್ಕೆ ಬೇಕಾದ ಅಂಕಿಗಳನ್ನಷ್ಟೇ ಆಗಾಗ ತುಂಬಿಕೊಂಡರೆ ಕನ್ನಡದಲ್ಲೇ ತೋರಿಸಬಹುದು. ಪ್ರಯತ್ನಿಸುವಿರಾದರೆ ನನಗೆ ತುಂಬ ಸಂತೋಷವಾಗುತ್ತದೆ.

ಕೋಟೆ_ಬೆಟ್ಟ, ಬಳ್ಳಾರಿ

ಸಿಂಧನೂರಿನವರ ಮೂವತ್ತನಾಲ್ಕನೆಯ ಲಾರಿ ನನ್ನ ವಾದವನ್ನು ಬದಲಿಸಿದೆ. ಉನೋದ ಲೈಬ್ರರಿಯ ಪ್ರಿಂಟ್‌ಎಫ್ ಕುಟುಂಬ 64 ಬಿಟ್‌ನ ಲಾಂಗ್ ಲಾಂಗ್ ವಿಧವನ್ನು ಬರೆಯುವುದಿಲ್ಲ. ಪರ್ಸೆಂಟ್ ಎಲ್ ಎಲ್ ಡಿ ಎದುರಾದರೆ ಅಲ್ಲಿಗೇ ಬರಹವನ್ನು ನಿಲ್ಲಿಸಿಬಿಡುತ್ತದೆ. 64 ಬಿಟ್ ಮೊತ್ತವನ್ನು ಆ ಫಲಕದಲ್ಲಿ ತೋರಿಸಬೇಕಾದರೆ ಮೇಡಂ ಹೇಳಿದ ಫಂಕ್ಷನ್ ಅನ್ನು ಬರೆಯಲೇಬೇಕು. ಲೈಬ್ರರಿ ಇರುವಲ್ಲಿ ಲೈಬ್ರರಿ ಎಂಬ ನನ್ನ ಮಾತು ಉಳಿಯುತ್ತದೆ, ಆದರೆ ಇಲ್ಲಿ ಅದು ಇಲ್ಲ ಎಂಬುದನ್ನು ನಾನು ಮೊದಲೇ ಹೇಳಬೇಕಾಗಿತ್ತು.

ಹಾಗೆ ಬರೆಯುವುದಾದರೆ ಪರೀಕ್ಷೆಯನ್ನು ಕಂಪ್ಯೂಟರ್‌ನಲ್ಲಿ ಮಾಡಿ. 16 ಬಿಟ್‌ನ 65536 ಸಂಖ್ಯೆಗಳನ್ನೂ ಒಂದೂ ಬಿಡದೆ ನಿಮ್ಮ ಫಂಕ್ಷನ್‌ಗೆ ಕೊಟ್ಟು, ಎಸ್‌ಎನ್‌ಪ್ರಿಂಟ್‌ಎಫ್ ಕೊಡುವ ಉತ್ತರದೊಂದಿಗೆ ಹೋಲಿಸಿ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. 32 ಬಿಟ್‌ನ 429 ಕೋಟಿ ಸಂಖ್ಯೆಗಳನ್ನೂ ಒಂದು ರಾತ್ರಿ ಬಿಟ್ಟರೆ ನೋಡಿ ಮುಗಿಸಬಹುದು. 64 ಬಿಟ್‌ಗೆ ಅದು ಆಗದ ಮಾತು, ಅಲ್ಲಿ ಎರಡು ತುದಿಗಳು, ಸೊನ್ನೆ, ಮತ್ತು ಹತ್ತರ ಪ್ರತಿ ಘಾತದ ಹಿಂದುಮುಂದಿನ ಸಂಖ್ಯೆಗಳನ್ನು ಆರಿಸಿಕೊಳ್ಳಿ. 9, 10, 99, 100 ಇಂತಹ ಕಡೆಗಳಲ್ಲೇ ಅಂಕಿಗಳ ಎಣಿಕೆ ಬದಲಾಗುತ್ತದೆ, ತಪ್ಪುಗಳು ಅಲ್ಲೇ ಅಡಗಿರುತ್ತವೆ. ಕಂಪೈಲ್ ಮಾಡುವಾಗ ಅಡ್ರೆಸ್ ಸ್ಯಾನಿಟೈಸರ್ ಸೇರಿಸಿ. ಅರೇಯ ಗಡಿಯನ್ನು ಒಂದು ಬೈಟ್ ದಾಟಿದರೂ ಅದು ಪ್ರೋಗ್ರಾಂ ನಿಲ್ಲಿಸಿ ಸಾಲನ್ನು ತೋರಿಸುತ್ತದೆ.

ಕಾಟಾ_ಲೆಕ್ಕ, ಗಂಗಾವತಿ

ಮೂರು ದಿನ ಕುಳಿತು ಎಲ್ಲವನ್ನೂ ಹೊಸದಾಗಿ ಬರೆದೆ. 65536 ಸಂಖ್ಯೆಗಳೂ ಹೊಂದಿದವು. 32 ಬಿಟ್‌ನದ್ದನ್ನು ರಾತ್ರಿ ಊಟದ ನಂತರ ಹಚ್ಚಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದಾಗ ಒಂದೂ ತಪ್ಪಿರಲಿಲ್ಲ. ನನ್ನ ಹಳೆಯ ಆರು ಬೈಟ್‌ಗಳ ಪ್ರೋಗ್ರಾಂ ಅನ್ನೂ ಕುತೂಹಲಕ್ಕೆ ಸ್ಯಾನಿಟೈಸರ್‌ಗೆ ಕೊಟ್ಟೆ. −10000 ಬಂದ ಕೂಡಲೇ ಅದು ನಿಂತು, ನೀವು ಹೇಳಿದ ಅದೇ ಸಾಲನ್ನು ತೋರಿಸಿತು.

ಇನ್ನೊಂದು ತಪ್ಪು ನನಗೇ ಸಿಕ್ಕಿತು. ಕಾಟಾ ಖಾಲಿಯಿದ್ದಾಗ ಒಮ್ಮೊಮ್ಮೆ −50 ಕಿಲೋ ಬರುತ್ತದೆ. ಟನ್‌ನಲ್ಲಿ ಅದು −0.050 ಆಗಬೇಕು, ಆದರೆ 0.-50 ಎಂದು ಬಂತು. ಶೇಷವನ್ನು ಧನವಾಗಿಸಿದರೆ 0.050 ಬಂತು, ಋಣ ಚಿಹ್ನೆಯೇ ಮಾಯವಾಯಿತು. −50ನ್ನು ಸಾವಿರದಿಂದ ಭಾಗಿಸಿದರೆ ಬರುವುದು ಬರಿಯ ಸೊನ್ನೆ, ಸೊನ್ನೆಗೆ ಚಿಹ್ನೆ ಇರುವುದಿಲ್ಲವೆಂದು ಆಮೇಲೆ ಅರ್ಥವಾಯಿತು. ಈಗ ಚಿಹ್ನೆಯನ್ನು ಮೊದಲೇ ಬೇರೆ ತೆಗೆದಿಟ್ಟು, ಪರಿಮಾಣವನ್ನು ಮಾತ್ರ ಭಾಗಿಸಿ, ಕೊನೆಗೆ ಚಿಹ್ನೆಯನ್ನು ಮುಂದೆ ಇಡುತ್ತೇನೆ. ಈ ದಾರಿ ಸರಿಯಲ್ಲವೇ?

ಬಿಡಿ_ಹತ್ತು_ನೂರು, ರಾಯಚೂರು

ಸರಿ, ಅದೇ ದಾರಿ. ಪರಿಮಾಣವನ್ನು ಅನ್‌ಸೈನ್ಡ್‌ನಲ್ಲೇ ತೆಗೆದುಕೊಂಡಿದ್ದೀರೆಂದು ನಂಬುತ್ತೇನೆ. ನಿಮ್ಮ ಅನುಮತಿಯಿದ್ದರೆ 300 ಎಂಬುದು 256 ಆದ ಪ್ರಸಂಗವನ್ನು ಮುಂದಿನ ವಾರದ ಲ್ಯಾಬ್‌ನಲ್ಲಿ ಮಕ್ಕಳ ಮುಂದೆ ಒಗಟಾಗಿ ಇಡುತ್ತೇನೆ. ಅರೇಯ ಗಾತ್ರವನ್ನು ಮಾತ್ರ ಹೇಳಿ, ಉಳಿದದ್ದನ್ನು ಅವರೇ ಕಂಡುಹಿಡಿಯಲಿ.

ಕಾಟಾ_ಲೆಕ್ಕ, ಗಂಗಾವತಿ

ಖಂಡಿತ ಇಡಿ, ಮೇಡಂ. ಪರಿಮಾಣ ಅನ್‌ಸೈನ್ಡ್‌ನಲ್ಲೇ ಇದೆ. ಇವತ್ತು ಫಲಕವನ್ನು ಗಿರಣಿಗೆ ಒಯ್ದು ಮೂಲ ಯಂತ್ರದ ಪಕ್ಕದಲ್ಲಿಟ್ಟು ಹನ್ನೊಂದು ಲಾರಿಗಳ ತೂಕವನ್ನು ಹೋಲಿಸಿದೆ, ಎಲ್ಲವೂ ಹೊಂದಿದವು. ಕನ್ನಡ ಅಂಕಿಗಳಲ್ಲಿ ಈವರೆಗೆ ೧ ರಿಂದ ೪ ರವರೆಗೆ ಎಲ್‌ಸಿಡಿಯ ಚುಕ್ಕಿಗಳಲ್ಲಿ ಬಿಡಿಸಿದ್ದೇನೆ. ಐದು ಚುಕ್ಕಿಗಳ ಅಗಲದಲ್ಲಿ ಬಿಡಿಸಲು ಹೋದರೆ ೬ ಮತ್ತು ೯ ಒಂದರಂತೆ ಒಂದು ಕಾಣುತ್ತಿವೆ. ಯಾರಾದರೂ ಅವನ್ನು ಬಿಡಿಸಿದ್ದನ್ನು ಸಿಂಧನೂರಿನವರು ಕಂಡಿದ್ದರೆ ದಯವಿಟ್ಟು ತಿಳಿಸಿ.